ತಕ್ಕಡಿ ಸಾಹೇಬರ ಬ್ರೇಕು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷೆ ಮಾಡಿದ ಮನುಷ್ಯ ಯಾರನ್ನೂ ನಂಬದೆ ಹೋದರೆ ಅದು ಅವನ ತಪ್ಪಲ್ಲ. ನಮ್ಮ ತಕ್ಕಡಿ ಸಾಹೇಬರು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಒಂದು ಲೀಟರು ಅಂದರೆ ಮನೆಯ ಪಾತ್ರೆಯಲ್ಲಿ ಮತ್ತೆ ಅಳೆಯುತ್ತಿದ್ದರು. ಗೋಡೆಯ ಗಡಿಯಾರ ಹತ್ತು ಹೊಡೆದರೆ ಬೆರಳು ಮಡಚಿ ಎಣಿಸುತ್ತಿದ್ದರು. ಡಾಕ್ಟರು ಜ್ವರ ಇಲ್ಲ ಅಂದರೆ ಥರ್ಮಾಮೀಟರನ್ನು ಇಸಿದುಕೊಂಡು ಅದರ ಮೇಲೆ ಇಲಾಖೆಯ ಮುದ್ರೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ತಕ್ಕಡಿ ಸಾಹೇಬ ಎಂಬುದು ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವರ ಕಿವಿಗೂ ಬಿದ್ದಿತ್ತು. ಪಾಪ, ಅವರು ಅದನ್ನು ಬಿರುದು ಅಂದುಕೊಂಡಿದ್ದರು.

ಇಂಥವರ ಕಾರು ಒಂದು ದಿನ ಬ್ರೇಕ್ ಒತ್ತಿದಾಗ 'ಕಿರ್ರ್' ಎಂದಿತು. ಮರುದಿನ ಇನ್ನೂ ಜೋರಾಗಿ ಎಂದಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಸಾಹೇಬರ ಕಾರು ಬೀದಿಯ ತಿರುವಿಗೆ ಬರುವ ಮೊದಲೇ ನಾಯಿಗಳು ಎದ್ದು ಕೂರುವಂತಾಯಿತು.

ಅದೇ ಹದಿನೈದು ದಿನದ ಹಿಂದೆ ಸಾಹೇಬರ ಅತ್ತೆಯೂ ಬಂದಿಳಿದಿದ್ದರು. ಎರಡಕ್ಕೂ ಸಂಬಂಧವಿಲ್ಲ. ಅತ್ತೆಯ ಎಡಗಣ್ಣಿಗೆ ಪೊರೆ ಬಂದಿತ್ತು, ಸೋಮವಾರ ಬೆಳಿಗ್ಗೆ ಆಪರೇಷನ್ ಗೊತ್ತಾಗಿತ್ತು. ಆಸ್ಪತ್ರೆ ಊರಿನ ಆ ತುದಿಯಲ್ಲಿ, ಗುಡ್ಡದ ಮೇಲೆ. ಕರೆದುಕೊಂಡು ಹೋಗಬೇಕಾದದ್ದು ಇದೇ ಕಾರಿನಲ್ಲಿ.

ಶನಿವಾರ ಸಾಹೇಬರು ಕಾರನ್ನು ಮೆಕ್ಯಾನಿಕ್ ಶೆಡ್ಡಿನ ಮುಂದೆ ನಿಲ್ಲಿಸಿದರು. ಕಾರು ಕಿರ್ರ್ ಎಂದು ಕೂಗಿ ನಿಂತಿತು. ಮೆಕ್ಯಾನಿಕ್ ಒಳಗೆ ಕೂತು ಟೀ ಕುಡಿಯುತ್ತಿದ್ದವನು ತಲೆಯನ್ನೂ ಎತ್ತದೆ, "ಮುಂದಿನ ಬ್ರೇಕ್ ಪ್ಯಾಡ್ ಹೋಗಿದೆ ಸಾರ್. ಬಿಟ್ಟು ಹೋಗಿ, ಸಂಜೆಗೆ ಹಾಕಿಕೊಡ್ತೀನಿ," ಎಂದ.

ಸಾಹೇಬರ ಎದೆಯೊಳಗೆ ತಕ್ಕಡಿಯ ಮುಳ್ಳು ಅಲ್ಲಾಡಿತು. "ನೋಡದೇ ಹೇಗೆ ಗೊತ್ತಾಯ್ತು ನಿಂಗೆ?"

"ಕೇಳಿಸ್ತಲ್ಲ ಸಾರ್."

"ಕೇಳಿಸಿದ್ದನ್ನೆಲ್ಲ ನಂಬೋದಾದ್ರೆ ನಮ್ಮ ಇಲಾಖೆ ಯಾಕಿರಬೇಕು?"

ಇವರಿಬ್ಬರ ನಡುವೆ ಹಳೆಯ ಲೆಕ್ಕವೊಂದಿತ್ತು. ಆರು ತಿಂಗಳ ಹಿಂದೆ ಸಾಹೇಬರು ಇದೇ ಶೆಡ್ಡಿಗೆ ತಪಾಸಣೆಗೆ ಬಂದು ಅವನ ಆಯಿಲ್ ಅಳೆಯುವ ಡಬ್ಬವನ್ನು ಮೂರು ಸಲ ಅಳೆದಿದ್ದರು. ಮೂರು ಸಲವೂ ಅದು ಕರಾರುವಾಕ್ಕಾಗಿತ್ತು. ಡಬ್ಬ ಸರಿಯಾಗಿದ್ದದ್ದರಿಂದಲೇ ಸಾಹೇಬರ ಅನುಮಾನ ಹೆಚ್ಚಿತ್ತು. ಇಷ್ಟು ಸರಿಯಾಗಿ ಇಟ್ಟುಕೊಂಡಿದ್ದಾನೆ ಅಂದರೆ ಏನೋ ಮುಚ್ಚಿಡುತ್ತಿದ್ದಾನೆ.

"ಬೇಡ ಬಿಡು," ಎಂದರು ಸಾಹೇಬರು. "ನಾನೇ ಹಾಕ್ಕೋತೀನಿ."

ಮೆಕ್ಯಾನಿಕ್ ಆಗ ಮೊದಲ ಬಾರಿಗೆ ತಲೆ ಎತ್ತಿದ. ಟೀ ಲೋಟವನ್ನು ಕೆಳಗಿಟ್ಟ. "ಸಾರ್," ಎಂದ ನಿಧಾನವಾಗಿ, "ಅದು ಬ್ರೇಕು."

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಾಹೇಬರು ಡಬ್ಬಿಯಲ್ಲಿದ್ದ ನಾಲ್ಕು ಪ್ಯಾಡುಗಳನ್ನೂ ಜೇಬಿನ ಪುಟ್ಟ ತಕ್ಕಡಿಯಲ್ಲಿ ತೂಗಿದರು. ಎರಡು ಪ್ಯಾಡು ಉಳಿದೆರಡಕ್ಕಿಂತ ಚೂರು ಭಾರ ಬಂದವು. ಅಂಗಡಿಯವನು, "ಇವೆರಡು ಒಳಗಡೆಗೆ ಸಾರ್, ಸವೆದಾಗ ಸದ್ದು ಮಾಡೋಕೆ ಇಲ್ಲೊಂದು ತಗಡು ಇದೆ, ನೋಡಿ," ಎಂದು ತೋರಿಸಿದ. ಸದ್ದು ಮಾಡೋಕೆ ಅಂತಲೇ ತಗಡು ಇಡುತ್ತಾರೆಯೇ? ಸಾಹೇಬರು ನಂಬಲಿಲ್ಲ. ಆದರೂ ಕೊಂಡರು.

ಮನೆಯಲ್ಲಿ ಹೆಂಡತಿ ಡಬ್ಬಿ ನೋಡಿ, "ಇದೇನ್ರೀ?" ಎಂದಳು.

"ಬ್ರೇಕ್ ಪ್ಯಾಡ್. ನಾಳೆ ನಾನೇ ಹಾಕ್ತೀನಿ."

"ಹೋದ ವರ್ಷ ಮಿಕ್ಸಿ ನೀವೇ ರಿಪೇರಿ ಮಾಡಿದ್ರಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನಿಲ್ಲ. ಮಿಕ್ಸಿಯಲ್ಲಿ ಅಮ್ಮನ್ನ ಕೂರಿಸಿಕೊಂಡು ಗುಡ್ಡ ಹತ್ತಬೇಕಿರಲಿಲ್ಲ, ಅಷ್ಟೆ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸಾಹೇಬರು ಹಳೆಯ ಪೈಜಾಮ ತೊಟ್ಟು, ಮನೆಯ ಮುಂದೆ ಬೀದಿಯಲ್ಲಿ ನಿಂತಿದ್ದ ಕಾರಿನ ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು ಕೆಲಸಕ್ಕೆ ಇಳಿದರು. ಆಫೀಸಿನ ಗುಮಾಸ್ತನೊಬ್ಬ ತನ್ನ ಕಾರಿಗೆ ತಾನೇ ಪ್ಯಾಡು ಹಾಕಿದ್ದನಂತೆ. ಅವನು ಫೋನಿನಲ್ಲಿ ಒಂದೊಂದಾಗಿ ಹೇಳುವುದು, ಇವರು ಮಾಡುವುದು ಎಂದು ಏರ್ಪಾಡಾಗಿತ್ತು. ಅವನೂ ಸುಮ್ಮನೆ ಯಾಕೆ ಸಹಾಯ ಮಾಡುತ್ತಾನೆ ಎಂಬ ಅನುಮಾನ ಸಾಹೇಬರಿಗೆ ಇದ್ದೇ ಇತ್ತು. ಬೇರೆ ದಾರಿ ಇರಲಿಲ್ಲ.

ಪಕ್ಕದ ಮನೆಯವರು ನಿವೃತ್ತ ಪೋಸ್ಟ್‌ಮಾಸ್ಟರು. ಮೂವತ್ತೈದು ವರ್ಷ ಬೇರೆಯವರ ಕಾಗದಗಳನ್ನು ಒಡೆಯದೆ ಹಂಚಿದವರು. ಒಳಗೆ ಏನು ಬರೆದಿರಬಹುದು ಎಂಬ ಮೂವತ್ತೈದು ವರ್ಷದ ಕುತೂಹಲವನ್ನೆಲ್ಲ ಈಗ ಬೀದಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅವರು ಕಾಂಪೌಂಡಿನ ಆಚೆ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದಾಗ ಈಚೆ ಕಾರಿನ ಕೆಳಗಿಂದ ಸಾಹೇಬರ ದನಿ ಕೇಳಿತು.

"ಹೂಂ... ಹದಿನೈದು ದಿನ ಆಯ್ತಪ್ಪ. ಒಂದೇ ಸಮನೆ ಕಿರುಚಾಟ. ಎಷ್ಟು ದಿನ ಅಂತ ತಡ್ಕೊಳ್ಳೋದು?"

ಪೋಸ್ಟ್‌ಮಾಸ್ಟರು ಅತ್ತೆ ಬಂದ ದಿನವನ್ನು ಲೆಕ್ಕ ಹಾಕಿದರು. ಸರಿಯಾಗಿ ಹದಿನೈದು.

"ಹಳೇದಾಯ್ತು, ಪೂರ್ತಿ ಸವೆದು ಹೋಗಿದೆ. ಇನ್ನು ಇಟ್ಕೊಂಡು ಪ್ರಯೋಜನ ಇಲ್ಲ. ತೆಗೆದು ಹಾಕೋದೇ."

ಕೈಯಲ್ಲಿದ್ದ ನೀರಿನ ಪೈಪು ಕುಂಡ ಬಿಟ್ಟು ಅವರ ಚಪ್ಪಲಿಯ ಮೇಲೆ ಸುರಿಯತೊಡಗಿತು. ಹೆಂಡತಿಯನ್ನು ಹೆತ್ತವರನ್ನು 'ಅದು', 'ಇದು' ಎನ್ನುತ್ತಾನಲ್ಲ!

"ನಾಳೆ ಬೆಳಿಗ್ಗೆ ಅತ್ತೇನ ಕರ್ಕೊಂಡು ಗುಡ್ಡಕ್ಕೆ ಹೋಗೋದು. ಅಷ್ಟರೊಳಗೆ ಈ ಕೆಲಸ ಮುಗಿದಿರಬೇಕು. ಬ್ರೇಕು ಈಗ ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದೀನಿ. ನೀನು ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ. ಆ ಮೆಕ್ಯಾನಿಕ್‌ಗೆ ಗೊತ್ತಾದ್ರಂತೂ ಮುಗೀತು ಕಥೆ."

ಪೋಸ್ಟ್‌ಮಾಸ್ಟರು ಪೈಪು ಕೆಳಗೆ ಬಿಟ್ಟು ತುದಿಗಾಲಲ್ಲಿ ಗೋಡೆಯ ಮೇಲಿಂದ ಇಣುಕಿದರು. ಕಾರಿನ ಒಂದು ಚಕ್ರ ಇರಲಿಲ್ಲ. ಚಕ್ರವಿದ್ದ ಜಾಗದಲ್ಲಿ ಕಬ್ಬಿಣದ ಮುದ್ದೆಯೊಂದು ತಂತಿಯಲ್ಲಿ ನೇತಾಡುತ್ತಿತ್ತು. ಸಾಹೇಬರು ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಡಬ್ಬಿಯಿಂದ ಕಣ್ಣಿಗೆ ಹಾಕುವ ಡ್ರಾಪರಿನಲ್ಲಿ ಎಣ್ಣೆ ಎಳೆದು ಎಳೆದು ಹೊರಗೆ ಚೆಲ್ಲುತ್ತಿದ್ದರು.

ನಿಜ ಸಂಗತಿ ಇಷ್ಟು: ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗ ಆಗಬೇಕಾದರೆ ಬ್ರೇಕಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದರೆ ಮೇಲಿನ ಡಬ್ಬಿಯಲ್ಲಿ ಎಣ್ಣೆ ಉಕ್ಕುತ್ತದೆ, ಆದ್ದರಿಂದ ಸ್ವಲ್ಪ ಮೊದಲೇ ತೆಗೆದಿಡಿ ಎಂದಿದ್ದ ಗುಮಾಸ್ತ. ತೆಗೆಯಲು ಬೇರೇನೂ ಸಿಗದೆ ಸಾಹೇಬರು ಅತ್ತೆಯ ಖಾಲಿಯಾದ ಔಷಧಿ ಬಾಟಲಿಯ ಡ್ರಾಪರ್ ಕೇಳಿ ಪಡೆದಿದ್ದರು. ಆದರೆ ಗೋಡೆಯಾಚೆ ಇದನ್ನೆಲ್ಲ ಯಾರು ವಿವರಿಸಬೇಕು?

ಗುಮಾಸ್ತ ಫೋನಿನಲ್ಲಿ, "ಇನ್ನೊಂದು ಮುಖ್ಯ ವಿಷಯ ಸಾರ್, ಎಲ್ಲ ಮುಗಿದ ಮೇಲೆ ಗಾಡಿ ತೆಗೆಯೋಕೆ ಮುಂಚೆ..." ಎನ್ನುತ್ತಿರುವಾಗ ಸಾಹೇಬರಿಗೆ ಗೋಡೆಯ ಮೇಲೆ ಎರಡು ಕಣ್ಣು, ಒಂದು ಮಂಕಿ ಕ್ಯಾಪು ಕಂಡವು. ಇವರು ಮೆಕ್ಯಾನಿಕ್ಕಿನ ಕಡೆಯವರೇ ಇರಬೇಕು, ವರದಿ ಒಪ್ಪಿಸಲು ನಿಂತಿದ್ದಾರೆ. ಸಾಹೇಬರು ಫೋನನ್ನು ತಟ್ಟನೆ ಕಡಿದು ಜೇಬಿಗೆ ಹಾಕಿಕೊಂಡರು. ಮಂಕಿ ಕ್ಯಾಪು ತಟ್ಟನೆ ಕೆಳಗಿಳಿಯಿತು. ಇಬ್ಬರಿಗೂ ತಮ್ಮ ಅನುಮಾನ ಖಾತ್ರಿಯಾಯಿತು.

ಹತ್ತು ಗಂಟೆಗೆ ಬೀದಿಯಲ್ಲಿ ಸುದ್ದಿ ಇತ್ತು. ಇಸ್ತ್ರಿಯವನು ಬಟ್ಟೆ ಕೊಡುವ ನೆಪದಲ್ಲಿ ಎರಡು ಸಲ ಬಂದು ಹೋದ, ಎರಡು ಸಲವೂ ಅದೇ ಅಂಗಿ. ಎದುರು ಮನೆಯ ಟೀಚರಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪೋಸ್ಟ್‌ಮಾಸ್ಟರು ಹಿತ್ತಲ ಬಾಗಿಲಿಂದ ಹೋಗಿ ಅತ್ತೆಯನ್ನು ಕಂಡರು.

"ಅಮ್ಮಾ, ನೀವು ಹೆದರಬಾರದು. ನಾಳೆ ಕಾರಲ್ಲಿ ಹೋಗಬೇಡಿ."

"ಯಾಕೆ?"

"ನಿಮ್ಮ ಅಳಿಯಂದ್ರು ಬ್ರೇಕ್ ತೆಗೀತಿದ್ದಾರೆ."

ಅತ್ತೆ ಬಲಗಣ್ಣಿನಿಂದ ಅವರನ್ನು ದಿಟ್ಟಿಸಿ ನೋಡಿದರು. ಬೇರೆ ಯಾರೇ ಆಗಿದ್ದರೂ ಚೀರುತ್ತಿದ್ದರು. ಈಕೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು, ಅಷ್ಟೆ.

"ನನಗೂ ಅನ್ನಿಸ್ತಿತ್ತು," ಎಂದರು. "ನಾಳೆ ಮುಂದಿನ ಸೀಟಲ್ಲೇ ಕೂತ್ಕೊಳ್ಳಿ ಅತ್ತೆ ಅಂತ ನಿನ್ನೆಯಿಂದ ಮೂರು ಸಲ ಹೇಳಿದ್ರು. ಮದುವೆ ಆಗಿ ಹದಿನೆಂಟು ವರ್ಷ, ಒಂದು ದಿನಾನೂ ಮುಂದೆ ಕೂರಿಸಿದವರಲ್ಲ. ಇವತ್ತು ಬೆಳಿಗ್ಗೆ ನನ್ನ ಕಣ್ಣಿನ ಔಷಧಿ ಡ್ರಾಪರ್ ಬೇರೆ ತಗೊಂಡು ಹೋದ್ರು."

ಒಳಗಿನಿಂದ ಮಗಳು, "ಅಮ್ಮಾ, ಗುಡ್ಡ ಹತ್ತುವಾಗ ಹಿಂದೆ ಕೂತ್ರೆ ನಿನಗೆ ವಾಂತಿ ಬರುತ್ತೆ ಅಂತ ನಾನೇ ಹೇಳಿದ್ದು!" ಎಂದು ಕೂಗಿದಳು. ಆದರೆ ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಠಾಣೆಗೆ ಫೋನ್ ಮಾಡಿ ಆಗಿತ್ತು.

ಹೆಡ್ ಕಾನ್‌ಸ್ಟೇಬಲ್ ಬಂದಾಗ ಹನ್ನೊಂದೂವರೆ. ದಪ್ಪ ಮೀಸೆ, ದಪ್ಪ ಪುಸ್ತಕ. ಅವರು ಬೈಕಿನಿಂದ ಇಳಿಯುವುದಕ್ಕೂ ಸಾಹೇಬರು ಕೊನೆಯ ಬೋಲ್ಟನ್ನು ಬಿಗಿದು, ಜಾಕ್ ಇಳಿಸಿ, ಮಸಿ ಬಳಿದ ಮುಖದಲ್ಲಿ ಗೆದ್ದವರಂತೆ ಕೈಯೆತ್ತಿ, "ಅತ್ತೇ! ಬನ್ನಿ, ಕೂತ್ಕೊಳ್ಳಿ! ಒಂದು ರೌಂಡ್ ಹೋಗಿ ಬರೋಣ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವುದಕ್ಕೂ ಸರಿಹೋಯಿತು.

ಟೀಚರಮ್ಮ ಕುರ್ಚಿಯಿಂದ ಎದ್ದು ನಿಂತರು.

"ನಾಳೆವರೆಗೂ ಕಾಯೋ ತಾಳ್ಮೆ ಇಲ್ಲ ನೋಡಿ ಇವರಿಗೆ," ಎಂದರು ಪೋಸ್ಟ್‌ಮಾಸ್ಟರು ಪಿಸುಮಾತಿನಲ್ಲಿ.

ಹೆಡ್ ಕಾನ್‌ಸ್ಟೇಬಲ್ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ನೆಲದ ಮೇಲೆ ಚೆಲ್ಲಿದ್ದ ಎಣ್ಣೆಯನ್ನು ಬೂಟಿನ ತುದಿಯಿಂದ ಮುಟ್ಟಿದರು. ಡ್ರಾಪರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಏನಿದು?"

"ಡ್ರಾಪರ್. ಅತ್ತೇದು."

"ಬ್ರೇಕಿಗೆ ಏನು ಮಾಡಿದ್ದೀರಿ?"

"ಅದು ನಿಮಗ್ಯಾಕೆ?" ಎಂದರು ಸಾಹೇಬರು. ಅವರಿಗೆ ಈಗ ಎಲ್ಲ ಸ್ಪಷ್ಟವಾಗಿತ್ತು. ಮೆಕ್ಯಾನಿಕ್ಕು, ಪೋಸ್ಟ್‌ಮಾಸ್ಟರು, ಪೊಲೀಸು, ಎಲ್ಲ ಒಂದೇ ಕೂಟ. ಮನೆಯಲ್ಲಿ ಕೆಲಸ ಮಾಡಿಕೊಳ್ಳುವವರನ್ನು ಹೆದರಿಸಿ ಶೆಡ್ಡಿಗೆ ಓಡಿಸುವ ಹುನ್ನಾರ. "ನನ್ನ ಕಾರು, ನನ್ನ ಬ್ರೇಕು, ನನ್ನ ಅತ್ತೆ! ನಾನು ಏನು ಬೇಕಾದರೂ ಮಾಡ್ತೀನಿ!"

ಈ ಮಾತನ್ನು ಹೆಡ್ ಕಾನ್‌ಸ್ಟೇಬಲ್ ಅಕ್ಷರ ಬಿಡದೆ ಬರೆದುಕೊಂಡರು.

"ಸರಿ," ಎಂದರು ಪುಸ್ತಕ ಮುಚ್ಚಿ. "ಅಮ್ಮನವರು ಬೇಡ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತ್ಕೋತೀನಿ. ಬ್ರೇಕ್ ಇದ್ರೆ ಗೊತ್ತಾಗುತ್ತೆ."

ಇದು ಶೂರತನದ ಮಾತು. ಆದರೆ ಅವರು ಹೇಳುವಾಗ ಬೀದಿ ಇಳಿಜಾರಾಗಿದೆ ಎಂಬುದನ್ನು ಗಮನಿಸಿರಲಿಲ್ಲ.

ಸಾಹೇಬರು ಇಟ್ಟಿಗೆ ತೆಗೆದರು. ಸೀಟಿನಲ್ಲಿ ಕೂತರು. ಹೆಡ್ ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡು ಪಕ್ಕಕ್ಕೆ ಕೂತರು. ಹ್ಯಾಂಡ್ ಬ್ರೇಕ್ ಇಳಿಯಿತು, ಕಾರು ಹೊರಟಿತು. ಮಗು ಮೊದಲ ಹೆಜ್ಜೆ ಇಟ್ಟಂತೆ ಮೆಲ್ಲಗೆ ಹೊರಟಿತು.

"ಈಗ ನೋಡಿ," ಎಂದು ಸಾಹೇಬರು ಗತ್ತಿನಿಂದ ಬ್ರೇಕ್ ಒತ್ತಿದರು.

ಪೆಡಲ್ಲು ಬೆಣ್ಣೆಯೊಳಗೆ ಕಾಲಿಟ್ಟಂತೆ ಸೀದಾ ನೆಲಕ್ಕೆ ಹೋಯಿತು. ಕಾರು ನಿಲ್ಲಲಿಲ್ಲ.

"ನಿಲ್ಲಿಸ್ರೀ."

"ನಿಲ್ಲಿಸ್ತಿದ್ದೀನಿ."

"ನಿಲ್ಲಿಸ್ರೀ!"

"ನಿಲ್ಲಿಸ್ತಿದ್ದೀನಲ್ರೀ!"

ಕಾರು ಪೋಸ್ಟ್‌ಮಾಸ್ಟರ ಗೇಟಿನ ಹೊರಗೆ ಸಾಲಾಗಿಟ್ಟಿದ್ದ ಕುಂಡಗಳನ್ನು ಮಾತಾಡಿಸತೊಡಗಿತು. ಒಂದು, ಎರಡು, ಮೂರು ಎಂದು ಅವು ಉರುಳಿದವು. ನಾಲ್ಕನೆಯದಕ್ಕೆ ಹೆಡ್ ಕಾನ್‌ಸ್ಟೇಬಲ್ ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಹಿಡಿದು ಕೀಳುವವರಂತೆ ಎಳೆದರು. ಕಾರು ಕುಲುಕಿ ನಿಂತಿತು. ಟೋಪಿ ಮುಂದಿನ ಗಾಜಿಗೆ ಬಡಿದು ಸಾಹೇಬರ ಮಡಿಲಿಗೆ ಬಿತ್ತು.

ಹೆಡ್ ಕಾನ್‌ಸ್ಟೇಬಲ್ ಮೀಸೆ ಒರೆಸಿಕೊಂಡರು. "ಅತ್ತೆಗೆ ಅಂತ ಇಟ್ಟಿದ್ದು," ಎಂದರು, "ನನಗೆ ಸಿಗ್ತಿತ್ತು."

ತಜ್ಞರ ಅಭಿಪ್ರಾಯ ಬೇಕೆಂದು ಅವರೇ ತೀರ್ಮಾನಿಸಿದರು. ಊರಲ್ಲಿ ಇದ್ದ ತಜ್ಞ ಒಬ್ಬನೇ. ಕಾಲು ಗಂಟೆಯಲ್ಲಿ ಮೆಕ್ಯಾನಿಕ್ ಭುಜಕ್ಕೆ ಚೀಲ ತೂಗುಹಾಕಿಕೊಂಡು ಬಂದ. ಸಾಹೇಬರಿಗೆ ಅವನನ್ನು ಕಂಡು ಮೂರು ಸಲ ಅವನ ಡಬ್ಬ ಅಳೆದದ್ದು ನೆನಪಾಯಿತು. ಈಗ ಇವನ ಒಂದು ಮಾತಿನ ಮೇಲೆ ನಿಂತಿದ್ದದ್ದು ಕಾರಿನ ಕಥೆಯಲ್ಲ, ತಮ್ಮ ಕೆಲಸ, ಮಾನ, ಸಂಸಾರ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖದಲ್ಲೂ ಅನುಮಾನದ ಗೆರೆಯೊಂದು ಹೊಸದಾಗಿ ಮೂಡಿತ್ತು. ಅದನ್ನು ನೋಡಿ ಸಾಹೇಬರು ನಿಜಕ್ಕೂ ಹೆದರಿದರು.

ಮೆಕ್ಯಾನಿಕ್ ಆತುರ ಮಾಡಲಿಲ್ಲ. ಮುಂದಿನ ಎರಡೂ ಚಕ್ರ ಬಿಚ್ಚಿದ. ಬಗ್ಗಿ ನೋಡಿದ. ಟಾರ್ಚು ಬಿಟ್ಟು ನೋಡಿದ. ಈ ಸಲ ನೋಡದೆ ಒಂದು ಮಾತನ್ನೂ ಹೇಳಬಾರದು ಎಂದು ಪಣ ತೊಟ್ಟವನಂತೆ, ಸಾಹೇಬರ ಬೆವರು ಗಲ್ಲದಿಂದ ತೊಟ್ಟಿಕ್ಕುವವರೆಗೂ ನೋಡಿದ.

"ಸಾರ್," ಎಂದ ಕೊನೆಗೆ, ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ. "ಎರಡು ತಪ್ಪು. ಪಿಸ್ಟನ್ ಹಿಂದೆ ಒತ್ತಿದ ಮೇಲೆ ಗಾಡಿ ತೆಗೆಯೋಕೆ ಮುಂಚೆ ನಿಂತಲ್ಲೇ ಪೆಡಲ್ ಐದಾರು ಸಲ ಒತ್ತಿ ಗಟ್ಟಿ ಮಾಡ್ಕೋಬೇಕು. ಮಾಡಿಲ್ಲ. ಎರಡನೇದು, ಬಲಗಡೆ ಒಳಗಿನ ಪ್ಯಾಡ್ ತಿರುಗುಮುರುಗಾಗಿದೆ. ಉಜ್ಜೋ ಮುಖ ಆ ಕಡೆ, ಕಬ್ಬಿಣದ ಬೆನ್ನು ಈ ಕಡೆ."

ಜನ 'ಹೋ' ಎಂದರು. ಹೆಡ್ ಕಾನ್‌ಸ್ಟೇಬಲ್ ಪೆನ್ನು ತೆಗೆದರು. "ಬೇಕಂತಲೇ ಮಾಡಿದ್ದಾ?"

ಮೆಕ್ಯಾನಿಕ್ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ. ಮಸಿ ಮುಖ, ಹರಿದ ಪೈಜಾಮ, ಮಡಿಲಲ್ಲಿದ್ದು ಈಗ ಕೈಗೆ ಬಂದಿದ್ದ ಪೊಲೀಸ್ ಟೋಪಿ. ಅವನ ಬಾಯಿಯ ಒಂದು ಮೂಲೆ ಅಲ್ಲಾಡಿತು.

"ಇಲ್ಲ ಸಾರ್. ಬೇಕಂತ ಮಾಡಬೇಕಾದರೆ ಕೆಲಸ ಗೊತ್ತಿರಬೇಕು. ಇವರಿಗೆ ಏನೇನೂ ಗೊತ್ತಿಲ್ಲ."

ಅಷ್ಟಕ್ಕೇ ಮುಗಿಯುತ್ತಿತ್ತು. ಸಾಹೇಬರು ತೆಪ್ಪಗಿದ್ದರೆ ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಟರಾಗಿದ್ದ ಮನುಷ್ಯನಿಗೆ ಇಡೀ ಬೀದಿಯ ಮುಂದೆ 'ಏನೇನೂ ಗೊತ್ತಿಲ್ಲ' ಎಂಬ ಮಾತು ಹೇಗೆ ಇಳಿದೀತು?

"ಯಾರಿಗೆ ಗೊತ್ತಿಲ್ಲ ಅಂತೀಯೋ?" ಎಂದು ಗುಡುಗಿದರು. "ನನಗೆಲ್ಲಾ ಗೊತ್ತು!"

ಹೆಡ್ ಕಾನ್‌ಸ್ಟೇಬಲ್ ಮುಖ ಅರಳಿತು. "ಗೊತ್ತಿದ್ದೂ ಪ್ಯಾಡ್ ಉಲ್ಟಾ ಹಾಕಿದ್ರಾ?"

"ಹೂಂ! ಅಂದ್ರೆ, ಇಲ್ಲ! ಅಂದ್ರೆ, ಗೊತ್ತು, ಆದರೆ..."

"ಗೊತ್ತು ಅಂತ ಬರ್ಕೊಳ್ಲಾ, ಗೊತ್ತಿಲ್ಲ ಅಂತ ಬರ್ಕೊಳ್ಲಾ?"

"ರೀ," ಎಂದಳು ಬಾಗಿಲಲ್ಲಿದ್ದ ಹೆಂಡತಿ, ಹಲ್ಲು ಕಚ್ಚಿ. "ಗೊತ್ತಿಲ್ಲ ಅನ್ನಿ."

"ಗೊತ್ತಿಲ್ಲ ಅನ್ನಿ ಸಾರ್," ಎಂದ ಇಸ್ತ್ರಿಯವನು, ಮೂರನೆಯ ಸಲ ಅದೇ ಅಂಗಿ ಹಿಡಿದು ಬಂದವನು.

ಟೀಚರಮ್ಮ ತರಗತಿಯಲ್ಲಿ ಹೇಳಿಕೊಡುವಂತೆ, "ಗೊ-ತ್ತಿ-ಲ್ಲ," ಎಂದರು.

ಸಾಹೇಬರು ಎರಡು ಮಾತನ್ನೂ ಮನಸ್ಸಿನ ತಕ್ಕಡಿಗೆ ಹಾಕಿದರು. ಒಂದು ಕಡೆ ಜೈಲು, ಇನ್ನೊಂದು ಕಡೆ ಮೆಕ್ಯಾನಿಕ್ಕಿನ ಮುಂದೆ ತಲೆ ತಗ್ಗಿಸುವುದು. ಯಾವುದು ಹೆಚ್ಚು ಭಾರ ಎಂದು ಅವರು ತುಂಬ ಹೊತ್ತು, ಅನುಮಾನ ಬರುವಷ್ಟು ಹೊತ್ತು, ಯೋಚಿಸಿದರು.

"ಗೊತ್ತಿಲ್ಲ," ಎಂದರು ನೆಲ ನೋಡುತ್ತ.

"ಜೋರಾಗಿ ಹೇಳಿ. ಇವರಿಗೆಲ್ಲ ಕೇಳಿಸಬೇಕು."

"ನನಗೆ ಬ್ರೇಕ್ ಕೆಲಸ ಗೊತ್ತಿಲ್ಲ!"

ಬೀದಿಗೆ ಬೀದಿಯೇ ನಿಟ್ಟುಸಿರು ಬಿಟ್ಟಿತು. ಹೆಡ್ ಕಾನ್‌ಸ್ಟೇಬಲ್ ಹಾಳೆ ಹರಿದು ಹಾಕಿದರು, ಟೋಪಿ ಕಿತ್ತುಕೊಂಡರು, ಪೋಸ್ಟ್‌ಮಾಸ್ಟರ ಕಡೆ ಕೆಂಗಣ್ಣು ಬಿಟ್ಟು ಬೈಕ್ ಹತ್ತಿದರು. ಪೋಸ್ಟ್‌ಮಾಸ್ಟರು ಆಗಲೇ ಕುಂಡದ ಮಣ್ಣನ್ನು ಬೊಗಸೆಯಲ್ಲಿ ತುಂಬುತ್ತ, ಯಾರ ಕಣ್ಣಿಗೂ ಬೀಳದಂತೆ ಕುಕ್ಕರಗಾಲಲ್ಲಿ ಕೂತಿದ್ದರು.

ಮೆಕ್ಯಾನಿಕ್ ಪ್ಯಾಡನ್ನು ಸರಿಯಾಗಿ ತಿರುಗಿಸಿ ಕೂರಿಸಿದ. ಎಣ್ಣೆಯ ಮಟ್ಟ ನೋಡಿ ಡಬ್ಬಿ ತುಂಬಿಸಿದ. "ಬನ್ನಿ ಸಾರ್, ಪೆಡಲ್ ನೀವೇ ಒತ್ತಿ," ಎಂದು ಸಾಹೇಬರನ್ನು ಸೀಟಿಗೆ ಕೂರಿಸಿದ. ಅವರು ಒತ್ತಿದರು. ಮೊದಲ ಸಲ ನೆಲಕ್ಕೆ ಹೋಯಿತು. ಎರಡನೆಯ ಸಲ ಸ್ವಲ್ಪ ಮೇಲೆ. ಐದನೆಯ ಸಲಕ್ಕೆ ಪೆಡಲ್ಲು ಕಾಲಿನ ಕೆಳಗೆ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಸಾಹೇಬರ ಮುಖದಲ್ಲಿ ಬೆಳಗಿನಿಂದ ಕಾಣದ ಒಂದು ಬೆರಗು ಮೂಡಿತು.

"ಎಡಗಡೆ ಚಕ್ರದ ಕೆಲಸ ಚೆನ್ನಾಗಿ ಮಾಡಿದ್ದೀರಿ ಸಾರ್," ಎಂದ ಮೆಕ್ಯಾನಿಕ್, ಚೀಲ ಕಟ್ಟುತ್ತ. "ಆ ಪ್ಯಾಡ್ ನಾನು ಮುಟ್ಟಲೇ ಇಲ್ಲ."

ಇದನ್ನು ನಂಬುವುದೋ ಬಿಡುವುದೋ ಎಂದು ಸಾಹೇಬರು ಅವನ ಮುಖ ನೋಡಿದರು. ಗೊತ್ತಾಗಲಿಲ್ಲ. ಅಂದು ಮೊದಲ ಬಾರಿಗೆ ಅವರು ಒಂದು ಮಾತನ್ನು ತೂಗದೆ ತೆಗೆದುಕೊಂಡರು.

ಸೋಮವಾರ ಅತ್ತೆ ಕಾರು ಹತ್ತಿದರು, ಅದೂ ಮುಂದಿನ ಸೀಟಿಗೆ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು, ವಿದೇಶಕ್ಕೆ ಹೊರಟವರನ್ನು ಬೀಳ್ಕೊಡುವಂತೆ ನೋಡಿದರು. ಕಾರು ಗುಡ್ಡ ಹತ್ತಿತು. ಎಲ್ಲೂ ಕಿರ್ರ್ ಎನ್ನಲಿಲ್ಲ. ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಮಧ್ಯಾಹ್ನ ಅತ್ತೆ ಎಡಗಣ್ಣಿಗೆ ದೊಡ್ಡ ಬ್ಯಾಂಡೇಜು ಕಟ್ಟಿಸಿಕೊಂಡು ಮತ್ತೆ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಮಗಳು ಆಯಾಸದಿಂದ ತೂಕಡಿಸುತ್ತಿದ್ದಳು.

ಗುಡ್ಡದ ಅರ್ಧ ಇಳಿದ ಮೇಲೆ ಅತ್ತೆ ಕತ್ತು ತಿರುಗಿಸಿ, ಉಳಿದ ಒಂದೇ ಕಣ್ಣನ್ನು ಅಳಿಯನ ಮೇಲೆ ನೆಟ್ಟರು.

"ಅಳಿಯಂದ್ರೇ."

"ಏನತ್ತೆ?"

"ನಾವಿಬ್ಬರೇ ಇದ್ದೀವಿ, ಅವಳು ನಿದ್ದೆ ಮಾಡ್ತಿದ್ದಾಳೆ. ನಿಜ ಹೇಳಿಬಿಡಿ, ನಾನೇನೂ ಅಂದುಕೊಳ್ಳಲ್ಲ. ಬ್ರೇಕ್ ಕೆಲಸ ನಿಮಗೆ ನಿಜವಾಗ್ಲೂ ಗೊತ್ತಿರಲಿಲ್ವಾ?"

ಸಾಹೇಬರು ಎದೆಯುಬ್ಬಿಸಿ ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಒಂದು ಲಾರಿ ಅಡ್ಡ ಬಂತು. ಅವರು ಬ್ರೇಕ್ ಒತ್ತಿದರು. ಕಾರು ಚೂರೂ ಸದ್ದಿಲ್ಲದೆ, ಗೆರೆ ಕೊರೆದಂತೆ ನಿಂತಿತು.

ಲಾರಿ ದಾಟಿ ಹೋಯಿತು. ಅತ್ತೆಯ ಒಂಟಿ ಕಣ್ಣು ಅವರ ಮುಖದಿಂದ ಕದಲಿರಲಿಲ್ಲ.

"ಗೊತ್ತಿರಲಿಲ್ಲ ಅತ್ತೆ," ಎಂದರು ಸಾಹೇಬರು. "ದೇವರಾಣೆ ಗೊತ್ತಿರಲಿಲ್ಲ."

ಅತ್ತೆ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೀಟಿಗೆ ಒರಗಿ ಬೆಲ್ಟನ್ನು ಇನ್ನೊಂದು ಸಲ ಎಳೆದು ನೋಡಿಕೊಂಡು, "ಹೂಂ," ಎಂದರು.